ಹಳೇ ಬಿಎಂಡಬ್ಲ್ಯು, ಎಣ್ಣೆ ಮೆತ್ತಿದ ಕೈ ಮತ್ತು ಒಂದಿಷ್ಟು ಲೆಕ್ಕ

ಈ ಕಡೆ ತಲೆ ಹಾಕಿ ಎರಡು ತಿಂಗಳ ಮೇಲಾಯ್ತು. ಆಫೀಸು, ಮಗಳ ಪರೀಕ್ಷೆ, ಸೋಮಾರಿತನ... ಇದರಲ್ಲಿ ಯಾವುದನ್ನ ಬೇಕಾದರೂ ಕಾರಣ ಅಂತ ಇಟ್ಟುಕೊಳ್ಳಿ. ಇವತ್ತು ಬರೆಯೋಕೆ ಕೂತಿದ್ದಕ್ಕೆ ಕಾರಣ ಒಂದು ಪ್ರಶ್ನೆ.

ಮೊನ್ನೆ ಶನಿವಾರ ಬೆಳಿಗ್ಗೆ ಗ್ಯಾರೇಜಿನಲ್ಲಿ ಕಾರಿನ ಕೆಳಗೆ ಮಲಗಿ ಎಂಜಿನ್ ಆಯಿಲ್ ಇಳಿಸ್ತಾ ಇದ್ದೆ. ನಾವಿರೋದು ನ್ಯೂಜೆರ್ಸಿಯ ಒಂದು ಟೌನ್‌ಹೌಸ್ ಬಡಾವಣೆಯಲ್ಲಿ. ಮೂರು ಮನೆ ಆಚೆ ಇರೋ ಕನ್ನಡದ ಗೆಳೆಯರೊಬ್ಬರು ವಾಕಿಂಗ್ ಹೊರಟಿದ್ದವರು, ಕಾರಿನ ಕೆಳಗಿನಿಂದ ಎರಡು ಕಾಲು ಮಾತ್ರ ಆಚೆ ಚಾಚಿಕೊಂಡಿದ್ದನ್ನ ನೋಡಿ ಗಾಬರಿಯಿಂದ ನಿಂತರು. ಜೀವ ಇದೆ ಅಂತ ಖಾತ್ರಿಯಾದ ಮೇಲೆ ಕೇಳಿದರು:

"ಏನ್ರೀ ಇದು! ಬಿಎಂಡಬ್ಲ್ಯು ಇಟ್ಕೊಂಡು ಆಯಿಲ್ ನೀವೇ ಬದಲಾಯಿಸ್ತೀರಾ? ಅಷ್ಟು ಕಷ್ಟ ಆಗೋದಾದ್ರೆ ಒಂದು ಟೊಯೋಟಾನೇ ತಗೋಬಹುದಿತ್ತಲ್ವಾ?"

ನಗಾಡಿಕೊಂಡೇ ಕೇಳಿದ್ದು, ಬೇಜಾರೇನಿಲ್ಲ. ನಾನೂ ಹಲ್ಲು ಕಿರಿದು "ಸುಮ್ನೆ ಹವ್ಯಾಸ ಸಾರ್" ಅಂದುಬಿಟ್ಟೆ. ಅದು ಸುಳ್ಳು. ಶುರು ಮಾಡಿದ್ದು ಹವ್ಯಾಸಕ್ಕಲ್ಲ, ದುಡ್ಡು ಉಳಿಸೋಕೆ. ಹಾಗಂತ ಒಪ್ಪಿಕೊಳ್ಳೋಕೆ ಯಾಕೆ ನಾಚಿಕೆಯಾಯ್ತು ಅನ್ನೋದು ಎರಡು ದಿನದಿಂದ ತಲೆಯಲ್ಲಿ ಕೊರೀತಾ ಇದೆ. ಅವರಿಗೆ ಅಲ್ಲಿ ಕೊಡದ ಉತ್ತರವನ್ನ ಇಲ್ಲಿ ಬರೀತಾ ಇದ್ದೀನಿ.

*

ಮೊದಲು ಲೆಕ್ಕ.

ಈ ಕಾರು ನಮ್ಮ ಮನೆಗೆ ಬಂದದ್ದು 2017ರಲ್ಲಿ. 2011ರ 328ಐ, ಆಗಲೇ 62 ಸಾವಿರ ಮೈಲಿ ಓಡಿತ್ತು, ಕೊಟ್ಟಿದ್ದು 12,500 ಡಾಲರ್. ಹೊಸದಾಗಿದ್ದಾಗ ಅದರ ಬೆಲೆ 35 ಸಾವಿರದ ಆಸುಪಾಸು. ಹೆಚ್ಚೂಕಮ್ಮಿ ಅದೇ ದುಡ್ಡಿಗೆ ಒಂದೆರಡು ವರ್ಷ ಹೊಸದಾದ ಕ್ಯಾಮ್ರಿ ಸಿಗ್ತಿತ್ತು, ಅದೂ ನಿಜ. ಆದರೆ ಓಡಿಸಿ ನೋಡಿದ ಮೇಲೆ ಮನಸ್ಸು ಕೇಳಲಿಲ್ಲ. ಮೂರು ಲೀಟರಿನ, ಒಂದೇ ಸಾಲಿನ ಆರು ಸಿಲಿಂಡರ್ ಎಂಜಿನ್, ಟರ್ಬೋ ಇಲ್ಲ. ಆ ಎಂಜಿನ್ನಿನ ನಯ ಒಂದು ಸಲ ಕಾಲಿಗೆ ಹತ್ತಿದರೆ ಬಿಡೋದು ಕಷ್ಟ.

ಹಳೇ ಐಷಾರಾಮಿ ಕಾರು ಕೊಳ್ಳೋರು ಮರೆಯೋ ವಿಷಯ ಒಂದಿದೆ. ನಾನೂ ಮರೆತಿದ್ದೆ. ಕಾರಿಗೆ ವಯಸ್ಸಾದ ಹಾಗೆ ಅದರ ಬೆಲೆ ಇಳಿಯತ್ತೆ, ಅದರ ಬಿಡಿಭಾಗಗಳ ಬೆಲೆ ಇಳಿಯಲ್ಲ. 35 ಸಾವಿರದ ಕಾರನ್ನ 12 ಸಾವಿರಕ್ಕೆ ತಗೋಬಹುದು, ಆದರೆ ಅದನ್ನ ಸಾಕೋ ಖರ್ಚು ಮಾತ್ರ 35 ಸಾವಿರದ ಕಾರಿನದೇ. ಇದಕ್ಕೆ ಇನ್ನೊಂದು ಮಗ್ಗುಲೂ ಇದೆ. ಅಮೆರಿಕದಲ್ಲಿ ಆ ಕಾಲದ ಬಿಎಂಡಬ್ಲ್ಯುಗಳನ್ನ ಹೊಸದಾಗಿ ಕೊಂಡವರಿಗೆ ಮೊದಲ 4 ವರ್ಷ ಅಥವಾ 50 ಸಾವಿರ ಮೈಲಿ ತನಕ ಮಾಮೂಲಿ ಸರ್ವಿಸ್ ಪುಕ್ಕಟೆ. ಆಯಿಲ್, ಫಿಲ್ಟರ್, ಬ್ರೇಕ್ ಪ್ಯಾಡ್, ವೈಪರ್ ಎಲ್ಲಾ ಸೇರಿ. (2017ರ ಮಾಡೆಲ್‌ನಿಂದ ಅದನ್ನ 3 ವರ್ಷ, 36 ಸಾವಿರ ಮೈಲಿಗೆ ಇಳಿಸಿದರು.) ಅಂದರೆ ಮೊದಲ ಯಜಮಾನ ಪೆಟ್ರೋಲು ಮತ್ತು ಇನ್ಷೂರೆನ್ಸ್ ಬಿಟ್ಟು ಹೆಚ್ಚೇನೂ ಖರ್ಚು ನೋಡದೆ ಕಾರು ಮಾರಿರ್ತಾನೆ. ಎಲೆ ಎತ್ತೋ ಕೆಲಸ ಎರಡನೇ ಯಜಮಾನನಿಗೆ!

ತಗೊಂಡು ಎರಡು ತಿಂಗಳಿಗೆ ಸರ್ವಿಸ್ ದೀಪ ಹತ್ತಿಕೊಳ್ತು. ಡೀಲರ್ ಹತ್ತಿರ ಹೋದೆ. ಬಿಸಿ ಬಿಸಿ ಕಾಫಿ ಕೊಟ್ಟು, ಚರ್ಮದ ಸೋಫಾದಲ್ಲಿ ಕೂರಿಸಿ, ಅರ್ಧ ಗಂಟೆಯಾದ ಮೇಲೆ ಒಂದು ಹಾಳೆ ತಂದು ಕೈಗಿಟ್ಟರು. ಆ ಹಾಳೆ ಇನ್ನೂ ನನ್ನ ಹತ್ತಿರ ಇದೆ. ಎಂಜಿನ್ ಆಯಿಲ್ ಮತ್ತು ಫಿಲ್ಟರ್ 180 ಡಾಲರ್. ಕ್ಯಾಬಿನ್ ಫಿಲ್ಟರ್ 120. ಎಂಜಿನ್ ಏರ್ ಫಿಲ್ಟರ್ 110. ಬ್ರೇಕ್ ಫ್ಲೂಯಿಡ್ ಬದಲಾವಣೆ 160. ಮುಂದಿನ ಚಕ್ರಗಳ ಬ್ರೇಕ್ ಪ್ಯಾಡ್, ಡಿಸ್ಕ್, ಸೆನ್ಸರ್ ಸೇರಿ 780. ಒಟ್ಟು 1,350 ಡಾಲರ್. ಕಾರಿಗೆ ಕೊಟ್ಟ ದುಡ್ಡಿನ ಹತ್ತರಲ್ಲೊಂದು ಭಾಗಕ್ಕಿಂತ ಜಾಸ್ತಿ, ಅದೂ ಕಾರಲ್ಲಿ ಏನೂ ಕೆಟ್ಟಿಲ್ಲದೆ!

ಡೀಲರ್ ಮೋಸ ಮಾಡಿದ ಅಂತ ನಾನು ಹೇಳ್ತಿಲ್ಲ. ಆ ಸೋಫಾಕ್ಕೆ, ಕಾಫಿಗೆ, ಓಡಾಡೋಕೆ ಕೊಡೋ ಕಾರಿಗೆ, ತರಬೇತಿ ಪಡೆದ ಮೆಕ್ಯಾನಿಕ್ಕಿನ ಸಂಬಳಕ್ಕೆ, ಹೆದ್ದಾರಿ ಪಕ್ಕದ ಗಾಜಿನ ಕಟ್ಟಡಕ್ಕೆ ಯಾರಾದರೂ ದುಡ್ಡು ಕೊಡಲೇಬೇಕು. ಆ ಯಾರಾದರೂ ನಾನೇ ಆಗಬೇಕಾ ಅನ್ನೋದಷ್ಟೇ ನನ್ನ ಪ್ರಶ್ನೆ. "ಯೋಚನೆ ಮಾಡಿ ಹೇಳ್ತೀನಿ" ಅಂತ ಹಾಳೆ ಮಡಚಿಕೊಂಡು ಬಂದೆ.

ಮನೆಗೆ ಬಂದು ಪಾರ್ಟ್ಸ್ ಬೆಲೆ ಹುಡುಕಿದೆ. ಅಷ್ಟೂ ಆಯಿಲ್, ಫಿಲ್ಟರ್ ಸೇರಿ 60 ಡಾಲರ್. ಕ್ಯಾಬಿನ್ ಫಿಲ್ಟರ್ 22, ಏರ್ ಫಿಲ್ಟರ್ 20. ಬ್ರೇಕಿನ ಸಾಮಾನು ಪೂರ್ತಿ 240. ಇವ್ಯಾವೂ ಸಂತೆ ಮಾಲಲ್ಲ ಕಣ್ರೀ. ಮಾನ್, ಮಾಹ್ಲೆ ಇವೆಲ್ಲ ಕಾರು ಕಂಪನಿಗಳಿಗೇ ಫಿಲ್ಟರ್ ಸರಬರಾಜು ಮಾಡೋ ಜರ್ಮನ್ ಕಂಪನಿಗಳು. ಕಾರು ಕಂಪನಿಯ ಡಬ್ಬಿಯಲ್ಲಿ ಬಂದರೆ ಒಂದು ರೇಟು, ಅವರದೇ ಡಬ್ಬಿಯಲ್ಲಿ ಬಂದರೆ ಇನ್ನೊಂದು ರೇಟು. ಬ್ರೇಕ್ ಫ್ಲೂಯಿಡ್ ಒಂದನ್ನ ಮಾತ್ರ ಊರಿನ ಒಬ್ಬ ಸ್ವತಂತ್ರ ಮೆಕ್ಯಾನಿಕ್ ಹತ್ತಿರ 100 ಡಾಲರ್ ಕೊಟ್ಟು ಮಾಡಿಸೋದು ಅಂತ ತೀರ್ಮಾನಿಸಿದೆ. ಒಟ್ಟು 442. ಡೀಲರ್ ಹಾಳೆಗೂ ನನ್ನ ಹಾಳೆಗೂ 908 ಡಾಲರ್ ಅಂತರ. ಜಾಕು, ಜಾಕ್ ಸ್ಟ್ಯಾಂಡು, ಸಾಕೆಟ್ಟುಗಳು, ಟಾರ್ಕ್ ರೆಂಚು ಅಂತ 380 ಡಾಲರ್ ಹೋಯ್ತು. ಅದನ್ನ ಕಳೆದರೂ ಮೊದಲ ಸುತ್ತಿನಲ್ಲೇ 528 ಉಳೀತು. ಸಾಮಾನು ಒಂದು ಸಲ ತಗೊಂಡರೆ ಮುಗೀತು, ಮುಂದಿನ ಸುತ್ತುಗಳಲ್ಲಿ ಆ ಖರ್ಚಿಲ್ಲ.

"ನಿಮ್ಮ ಟೈಮಿಗೆ ಬೆಲೆ ಇಲ್ವಾ?" ಅಂತ ಕೇಳೋರಿದ್ದಾರೆ. ಗಂಟೆಗೆ ಇಷ್ಟು ದುಡಿಯೋನು ಮೂರು ಗಂಟೆ ಕಾರಿನ ಕೆಳಗೆ ಮಲಗಿದರೆ ನಷ್ಟ ತಾನೇ ಅನ್ನೋದು ಅವರ ವಾದ. ಸ್ವಾಮಿ, ಶನಿವಾರ ಬೆಳಿಗ್ಗೆ ನನಗೆ ಯಾರೂ ಗಂಟೆಗೆ ಇಷ್ಟು ಅಂತ ಕೊಡ್ತಿಲ್ಲ. ಆ ಹೊತ್ತಿನಲ್ಲಿ ನಾನು ದುಡಿಯೋದೂ ಇಲ್ಲ, ಫೋನು ಉಜ್ಜುತ್ತಾ ಕೂತಿರ್ತೀನಿ. ಡೀಲರ್ ಹತ್ತಿರ ಹೋಗಿ, ಕಾದು, ವಾಪಸ್ ಬರೋಕೂ ಮೂರು ಗಂಟೆ ಬೇಕು.

*

ಇನ್ನು ಕೆಲಸದ ವಿಷಯ. ಇಲ್ಲಿ ಒಂದು ತಪ್ಪೊಪ್ಪಿಗೆ ಇದೆ.

ನಾನು ಓದಿದ್ದು ಮೆಕ್ಯಾನಿಕಲ್ ಎಂಜಿನಿಯರಿಂಗ್. ನಾಲ್ಕು ವರ್ಷ. ಆಟೋ ಸೈಕಲ್ಲಿನ ಪಿ-ವಿ ಡಯಾಗ್ರಾಂ ನಿದ್ದೆಯಲ್ಲೂ ಬರೆಯಬಲ್ಲೆ. ವಾಲ್ವ್ ಟೈಮಿಂಗ್ ಡಯಾಗ್ರಾಂ ಬರೆದು ಪೂರ್ತಿ ಮಾರ್ಕ್ಸ್ ತಗೊಂಡವನು. ಆದರೆ ಪದವಿ ಮುಗಿಯೋ ಹೊತ್ತಿಗೆ ಒಂದು ನಿಜವಾದ ಎಂಜಿನ್ನಿನ ಒಂದೇ ಒಂದು ಬೋಲ್ಟನ್ನೂ ನನ್ನ ಕೈಯಾರೆ ಬಿಚ್ಚಿರಲಿಲ್ಲ. ಲ್ಯಾಬಿನಲ್ಲಿ ಅಟೆಂಡರ್ ಎಂಜಿನ್ ಚಾಲೂ ಮಾಡೋರು, ನಾವು ದೂರ ನಿಂತು ರೀಡಿಂಗ್ ಬರ್ಕೊಳ್ಳೋರು. ಆಮೇಲೆ ಎಲ್ಲರ ಹಾಗೆ ಸಾಫ್ಟ್‌ವೇರು. ಹಾಗಾಗಿ ನಲವತ್ತರ ಹತ್ತಿರದಲ್ಲಿ, ಯೂಟ್ಯೂಬಿನಲ್ಲಿ ಯಾರೋ ಒಬ್ಬ ಹುಡುಗ "ನಲವತ್ತು ನಿಮಿಷದ ಕೆಲಸ" ಅಂದದ್ದನ್ನ ನಾನು ಮೂರೂವರೆ ಗಂಟೆ ಮಾಡಿದೆ.

ಈ ಕಾರಿನ ಆಯಿಲ್ ಬದಲಾಯಿಸೋದು ನಿಜವಾಗಿ ಸುಲಭ. ಫಿಲ್ಟರ್ ಮೇಲೇ ಇದೆ, ಬಾನೆಟ್ ಎತ್ತಿದರೆ ಮುಂಭಾಗದಲ್ಲೇ ಕಾಣತ್ತೆ. ಅದರ ಮುಚ್ಚಳ ತಿರುಗಿಸೋಕೆ ಬಟ್ಟಲಿನ ಆಕಾರದ ಒಂದು ಸಾಕೆಟ್ ಬೇಕು. ಕಾರು ಸ್ವಲ್ಪ ಬೆಚ್ಚಗಿರುವಾಗ ಮುಂಭಾಗ ಎತ್ತಿ, ಜಾಕ್ ಸ್ಟ್ಯಾಂಡ್ ಮೇಲೆ ಕೂರಿಸಿ, ಕೆಳಗಿನ ಬೋಲ್ಟ್ ಬಿಚ್ಚಿದರೆ ಕರಿ ಎಣ್ಣೆ ಪಾತ್ರೆಗೆ ಇಳಿಯತ್ತೆ. ಬೋಲ್ಟಿಗೆ ಹೊಸ ವಾಷರ್, ಮುಚ್ಚಳಕ್ಕೆ ಹೊಸ ರಬ್ಬರ್ ಉಂಗುರ, ಎರಡನ್ನೂ 25 ನ್ಯೂಟನ್ ಮೀಟರಿಗೆ ಬಿಗಿ ಮಾಡಿ, ಆರೂವರೆ ಲೀಟರ್ ಹೊಸ ಆಯಿಲ್ ಸುರಿಯೋದು. ಬಾಟಲಿಯ ಮುಂದೆ 5ಡಬ್ಲ್ಯು-30 ಅಂತ ಇದ್ದರೆ ಸಾಲದು, ಹಿಂದೆ ಸಣ್ಣಕ್ಷರದಲ್ಲಿ ಲಾಂಗ್‌ಲೈಫ್-01 ಅಂತ ಇರಬೇಕು. ಇದೊಂದು ಗೊತ್ತಿಲ್ಲದೆ ಅಗ್ಗದ ಆಯಿಲ್ ಸುರಿದರೆ ಉಳಿಸಿದ ಹತ್ತು ಡಾಲರಿಗೆ ಎಂಜಿನ್ನಿನ ಆಯುಸ್ಸೇ ಕಡಿಮೆ. ಇನ್ನೊಂದು ತಮಾಷೆ ಅಂದರೆ ಈ ಎಂಜಿನ್ನಿಗೆ ಡಿಪ್‌ಸ್ಟಿಕ್ಕೇ ಇಲ್ಲ! ಕಡ್ಡಿ ಎಳೆದು ಬಟ್ಟೆಯಲ್ಲಿ ಒರೆಸಿ ನೋಡೋ ಸುಖ ಇಲ್ಲ. ಎಂಜಿನ್ ಬಿಸಿಯಾದ ಮೇಲೆ ಸೆನ್ಸರ್ ಅಳೆದು ಪರದೆ ಮೇಲೆ ತೋರಿಸಬೇಕು, ಅಲ್ಲೀತನಕ ಕಾಯಬೇಕು. ಹಳೇ ಆಯಿಲ್ಲನ್ನ ಚರಂಡಿಗೆ ಸುರಿಯೋ ಹಾಗಿಲ್ಲ, ಅದು ಅಪರಾಧ. ಕ್ಯಾನಿಗೆ ತುಂಬಿಸಿ ಆಟೋ ಪಾರ್ಟ್ಸ್ ಅಂಗಡಿಗೆ ಕೊಟ್ಟರೆ ಪುಕ್ಕಟೆಯಾಗಿ ತಗೋತಾರೆ.

ಮೊದಲ ಸಲ ಮಾಡಿ ಮುಗಿಸಿದಾಗ ಏನೋ ದೊಡ್ಡ ಸಾಧನೆ ಮಾಡಿದ ಹಮ್ಮು. ಎರಡೇ ದಿನ. ಮೂರನೇ ದಿನ ದೇವಸ್ಥಾನಕ್ಕೆ ಹೋಗ್ತಾ ಇದ್ವಿ, ಸಿಗ್ನಲ್ಲಿನಲ್ಲಿ ಹೆಂಡತಿ ಮೂಗು ಅರಳಿಸಿದಳು.

"ರೀ, ಏನೋ ಸುಟ್ಟ ವಾಸನೆ ಬರ್ತಿಲ್ವಾ?"

"ಮುಂದಿನ ಟ್ರಕ್ಕಿಂದು ಕಣೆ."

ಟ್ರಕ್ಕು ಎಡಕ್ಕೆ ತಿರುಗಿ ಹೋಯ್ತು. ವಾಸನೆ ನಮ್ಮ ಜೊತೆಗೇ ಬಂತು. ಮನೆಗೆ ಬಂದು ಬಾನೆಟ್ ಎತ್ತಿ ನೋಡಿದರೆ ಫಿಲ್ಟರ್ ಮುಚ್ಚಳದ ಸುತ್ತ ಆಯಿಲ್ ಜಿನುಗಿ ಕೆಳಗೆ ಇಳೀತಾ ಇದೆ. ಆ ರಬ್ಬರ್ ಉಂಗುರ ಕೂರಬೇಕಾದ ಗಾಡಿಯೇ ಬೇರೆ, ನಾನು ಅದನ್ನ ಒಂದು ಗೆರೆ ಮೇಲೆ ಕೂರಿಸಿದ್ದೆ. ಸರಿ ಮಾಡೋಕೆ ಬೇಕಾದದ್ದು ಹತ್ತು ನಿಮಿಷ. ಆದರೆ ಆಮೇಲೆ ಓದಿದಾಗ ಎದೆ ಧಸಕ್ ಅಂತು. ಅಲ್ಲಿಂದ ಜಿನುಗೋ ಆಯಿಲ್ ನೇರವಾಗಿ ಕೆಳಗಿನ ಬೆಲ್ಟ್ ಮೇಲೆ ಬೀಳತ್ತೆ. ತಿಂಗಳುಗಟ್ಟಲೆ ಹಾಗೇ ಬಿಟ್ಟರೆ ಬೆಲ್ಟ್ ಜಾರಿ, ಹರಿದು, ಅದರ ಚೂರುಗಳು ಎಂಜಿನ್ನಿನ ಮುಂದಿನ ಸೀಲಿನ ಒಳಗೇ ನುಗ್ಗೋದೂ ಉಂಟು. 60 ಡಾಲರಿನ ಆಯಿಲ್ಲು, ಒಂದು ರಬ್ಬರ್ ಉಂಗುರದಿಂದ ಇಡೀ ಎಂಜಿನ್ನಿಗೆ ಕುತ್ತು.

*

ಅದೂ ದೊಡ್ಡದಲ್ಲ. ದೊಡ್ಡದು ಬ್ರೇಕಿಂದು. ಅದನ್ನ ಇಷ್ಟು ವರ್ಷ ಯಾರಿಗೂ ಹೇಳಿರಲಿಲ್ಲ.

ಅದೇ ವರ್ಷ ಅಕ್ಟೋಬರಿನಲ್ಲಿ ಮುಂದಿನ ಬ್ರೇಕ್ ಪ್ಯಾಡು, ಡಿಸ್ಕು ಬದಲಾಯಿಸಿದೆ. ಬೆಳಿಗ್ಗೆ ಶುರು ಮಾಡಿದ್ದು ಸಂಜೆ ನಾಲ್ಕಕ್ಕೆ ಮುಗೀತು. ನಮ್ಮೂರ ಕಾರುಗಳ ಹಾಗೆ ಇದರ ಚಕ್ರಕ್ಕೆ ನಟ್ಟಿಲ್ಲ, ಬೋಲ್ಟು. ಚಕ್ರವನ್ನ ಒಂದು ಕೈಯಲ್ಲಿ ಎತ್ತಿ ಹಿಡಿದು ಇನ್ನೊಂದು ಕೈಯಲ್ಲಿ ತೂತು ಹುಡುಕಬೇಕು. ಪ್ಯಾಡಿನೊಳಗೆ ಒಂದು ಸಣ್ಣ ವೈರು ಬೇರೆ. ಪ್ಯಾಡ್ ಸವೆದು ವೈರ್ ತುಂಡಾದರೆ ದೀಪ ಹತ್ತೋ ವ್ಯವಸ್ಥೆ, ಮುಂದಿನ ಎಡಚಕ್ರ ಮತ್ತು ಹಿಂದಿನ ಬಲಚಕ್ರದಲ್ಲಿ ಮಾತ್ರ ಇರತ್ತೆ. ಎಲ್ಲವನ್ನೂ ಜೋಡಿಸಿ, ಚಕ್ರದ ಬೋಲ್ಟುಗಳನ್ನ 120 ನ್ಯೂಟನ್ ಮೀಟರಿಗೆ ಬಿಗಿ ಮಾಡಿ, ಕೈ ತೊಳೆದು, ಓಡಿಸಿ ನೋಡೋಣ ಅಂತ ಕೂತೆ. ರಿವರ್ಸ್ ಹಾಕಿದೆ. ನಮ್ಮ ಡ್ರೈವ್‌ವೇ ರಸ್ತೆ ಕಡೆಗೆ ಇಳಿಜಾರು. ಕಾರು ಹಿಂದಕ್ಕೆ ಹೊರಟಿತು. ಬ್ರೇಕ್ ಒತ್ತಿದೆ.

ಪೆಡಲ್ ನೆಲಕ್ಕೆ ಹೋಯ್ತು. ಬ್ರೇಕೇ ಇಲ್ಲ.

ಮತ್ತೊಮ್ಮೆ ಒತ್ತೋಕೂ ತೋಚಲಿಲ್ಲ. ಕೈ ತಾನಾಗೇ ಹ್ಯಾಂಡ್ ಬ್ರೇಕ್ ಎಳೀತು. ಈ ಕಾರಿನದು ಹಳೇ ಕಾಲದ ಕೇಬಲ್ ಹ್ಯಾಂಡ್ ಬ್ರೇಕ್, ಹಿಂದಿನ ಡಿಸ್ಕಿನ ಒಳಗೆ ಪ್ರತ್ಯೇಕ ಡ್ರಮ್ಮೇ ಇದೆ. ಅದು ಹಿಡೀತು. ಅಷ್ಟರಲ್ಲಿ ಡ್ರೈವ್‌ವೇ ತುದಿಯಲ್ಲಿದ್ದ ಕಸದ ಡಬ್ಬಿಗೆ ಗುದ್ದಿ ಅದನ್ನ ಉರುಳಿಸಿ ನಿಂತಿದ್ದೆ. ಹದಿನೈದು ನಿಮಿಷದ ಹಿಂದೆ ಅದೇ ಜಾಗದಲ್ಲಿ ಮಗಳು ಸೈಕಲ್ ನಿಲ್ಲಿಸಿಕೊಂಡು "ಅಪ್ಪಾ, ಇನ್ನೂ ಮುಗೀಲಿಲ್ವಾ?" ಅಂತ ಕೇಳಿ ಒಳಗೆ ಹೋಗಿದ್ದಳು.

ಕಾರಣ ಸರಳ. ಹೊಸ ಪ್ಯಾಡು ದಪ್ಪ ಇರತ್ತೆ. ಅದಕ್ಕೆ ಜಾಗ ಮಾಡೋಕೆ ಬ್ರೇಕಿನ ಪಿಸ್ಟನ್ನನ್ನ ಒಳಕ್ಕೆ ತಳ್ಳಬೇಕು. ಎಲ್ಲಾ ಮುಗಿದ ಮೇಲೆ, ಕಾರು ಅಲ್ಲಾಡಿಸೋ ಮುಂಚೆ, ಪೆಡಲ್ಲನ್ನ ನಾಲ್ಕೈದು ಸಲ ಒತ್ತಿ ಪಿಸ್ಟನ್ ವಾಪಸ್ ಪ್ಯಾಡಿಗೆ ತಾಕೋ ಹಾಗೆ ಮಾಡಬೇಕು. ಇಲ್ಲದಿದ್ದರೆ ಮೊದಲ ಒತ್ತು ಖಾಲಿ ಹೋಗತ್ತೆ. ಎಲ್ಲಾ ವಿಡಿಯೋದಲ್ಲೂ ಇದನ್ನ ಹೇಳ್ತಾರೆ. ನಾನೂ ಕೇಳಿದ್ದೆ. ಎಂಟು ಗಂಟೆ ಕೆಲಸ ಮಾಡಿ ಸುಸ್ತಾಗಿದ್ದವನಿಗೆ ಆ ಹತ್ತು ಸೆಕೆಂಡಿನ ಕೆಲಸ ಮರೆತುಹೋಗಿತ್ತು.

ಆ ರಾತ್ರಿ ನಿದ್ದೆ ಬರಲಿಲ್ಲ. 540 ಡಾಲರ್ ಉಳಿಸಿದ್ದೆ ಆ ದಿನ, ಆ ಒಂದು ಬ್ರೇಕಿನ ಕೆಲಸದಲ್ಲಿ. ಸಾಮಾನೆಲ್ಲ ಮಾರಿಬಿಡೋಣ ಅಂತ ಅನ್ನಿಸಿತ್ತು.

*

ಮಾರಲಿಲ್ಲ. ಅದಕ್ಕೆ ಅಪ್ಪ ಕಾರಣ.

2018ರ ಬೇಸಿಗೆಯಲ್ಲಿ ಅಪ್ಪ ತುಮಕೂರಿನಿಂದ ಬಂದಿದ್ದರು. ಹೈಸ್ಕೂಲು ಮೇಷ್ಟ್ರಾಗಿ ರಿಟೈರ್ ಆದವರು. ಅವರ ಹತ್ತಿರ ಎಂಬತ್ತರ ದಶಕದ ಬಜಾಜ್ ಚೇತಕ್ ಇತ್ತು. ಬುಕ್ ಮಾಡಿ ವರ್ಷಗಟ್ಟಲೆ ಕಾದು ಸ್ಕೂಟರ್ ತಗೋಬೇಕಿದ್ದ ಕಾಲ ಅದು. ಭಾನುವಾರ ಬಂತು ಅಂದರೆ ಹಳೇ ಲುಂಗಿ ಉಟ್ಟು ಪ್ಲಗ್ ಬಿಚ್ಚಿ, ಎಮರಿ ಪೇಪರಿನಲ್ಲಿ ಉಜ್ಜಿ, ಬಾಯಲ್ಲಿ ಊದಿ ಹಾಕೋರು. ಕ್ಲಚ್ ಕೇಬಲ್ ಹರಿದರೆ ಅವರೇ ಹಾಕೋರು. ನಾನು ಆ ಹೊತ್ತಿಗೆ ಟಿವಿ ಮುಂದೆ. ಹತ್ತಿರ ಹೋದರೂ "ನೀನು ಓದ್ಕೋ ಹೋಗು, ಕೈ ಕೊಳೆ ಮಾಡ್ಕೋಬೇಡ" ಅಂತ ಕಳಿಸೋರು. ಅದನ್ನ ಅವರು ಪ್ರೀತಿಯಿಂದಲೇ ಹೇಳ್ತಿದ್ದರು. ತಾನು ಎಣ್ಣೆ ಕೈ ಮಾಡಿಕೊಂಡದ್ದು ಮಗ ಮಾಡಿಕೊಳ್ಳದೆ ಇರಲಿ ಅಂತ. ನಮ್ಮ ತಲೆಮಾರಿನ ಎಷ್ಟೋ ಜನರಿಗೆ ಈ ಮಾತು ಕೇಳಿ ಗೊತ್ತಿರತ್ತೆ. ಗೆಳೆಯರ ಎದುರು "ದುಡ್ಡು ಉಳಿಸೋಕೆ" ಅಂತ ಹೇಳೋಕೆ ನನಗೆ ನಾಚಿಕೆಯಾದದ್ದರ ಬೇರು ಅಲ್ಲೇ ಇರಬೇಕು. ಆಯುಧಪೂಜೆಯ ದಿನ ಗಾಡಿ ತೊಳೆದು, ಹೂವು ಏರಿಸಿ, ಚಕ್ರಕ್ಕೆ ನಿಂಬೆಹಣ್ಣು ಇಡೋ ನಾವು, ಸ್ಪ್ಯಾನರಿಗೂ ಕುಂಕುಮ ಹಚ್ಚೋ ನಾವು, ಮಾರನೇ ದಿನ ಆ ಸ್ಪ್ಯಾನರ್ ಹಿಡಿಯೋನನ್ನ ಒಂದು ಮೆಟ್ಟಿಲು ಕೆಳಗೇ ನಿಲ್ಲಿಸ್ತೀವಿ.

ಅವರಿದ್ದಾಗ ಹಿಂದಿನ ಚಕ್ರಗಳ ಬ್ರೇಕ್ ಸವೆದಿತ್ತು. ಡೀಲರ್ ಹತ್ತಿರ ಕೊಡೋಣ ಅಂತಿದ್ದೆ. ಅಪ್ಪ ಗ್ಯಾರೇಜಿನಲ್ಲಿ ಜೋಡಿಸಿಟ್ಟಿದ್ದ ಸಾಮಾನು ನೋಡಿ "ಇಷ್ಟೆಲ್ಲ ಇಟ್ಕೊಂಡು ಬೇರೆಯೋರಿಗೆ ಯಾಕೋ ಕೊಡ್ತೀಯ?" ಅಂದರು. ಆಗ ಅಕ್ಟೋಬರಿನ ಕಥೆ ಹೇಳಿದೆ. ಅವರು ಬೈಯಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು:

"ನಾನು ಸ್ಕೂಟರ್ ರಿಪೇರಿ ಮಾಡಿದ ಮೇಲೆ ಏನ್ ಮಾಡ್ತಿದ್ದೆ, ಜ್ಞಾಪಕ ಇದ್ಯಾ?"

ಇತ್ತು. ಆದರೆ ಅದಕ್ಕೊಂದು ಅರ್ಥ ಇದೆ ಅಂತ ಆವತ್ತಿನ ತನಕ ಹೊಳೆದಿರಲಿಲ್ಲ. ಅಪ್ಪ ರಿಪೇರಿ ಮುಗಿಸಿದ ಮೇಲೆ ಸ್ಕೂಟರ್ ಹತ್ತುತ್ತಲೇ ಇರಲಿಲ್ಲ. ರಸ್ತೆ ಕೊನೆಯ ತನಕ ತಳ್ಳಿಕೊಂಡು ಹೋಗೋರು, ನಾಲ್ಕು ಹೆಜ್ಜೆಗೊಮ್ಮೆ ಬ್ರೇಕ್ ಹಿಡಿದು ನೋಡೋರು, ವಾಪಸ್ ತಳ್ಳಿಕೊಂಡು ಬರೋರು. ಆಮೇಲೆ ಕಿಕ್. ಹಿಂದೆ ಕೂರೋಕೆ ಕಾದಿದ್ದ ನನಗೆ ಆ ತಳ್ಳಾಟ ನೋಡಿ ಸಿಟ್ಟು ಬರ್ತಿತ್ತು.

"ಮಾಡಿದ ಕೆಲಸಾನ ನಂಬಬಾರದು ಕಣೋ. ನೋಡಿ ಆಮೇಲೆ ಹತ್ತಬೇಕು" ಅಂದರು.

ಆ ಶನಿವಾರ ಅಪ್ಪ ಮಡಚೋ ಕುರ್ಚಿ ಹಾಕಿಕೊಂಡು ಗ್ಯಾರೇಜಿನ ಬಾಗಿಲಲ್ಲಿ ಕೂತರು. ನಾನು ಹಿಂದಿನ ಬ್ರೇಕ್ ಮಾಡಿದೆ. ಒಂದು ಕಾಗದದಲ್ಲಿ ಹನ್ನೆರಡು ಸಾಲು ಬರೆದುಕೊಂಡಿದ್ದೆ, ಒಂದೊಂದು ಮುಗಿದ ಹಾಗೆ ಅಪ್ಪ ಅದರ ಮುಂದೆ ಕೆಂಪು ಶಾಯಿಯಲ್ಲಿ ಸರಿ ಗುರುತು ಹಾಕಿದರು, ಮೇಷ್ಟ್ರಲ್ವಾ! ಹನ್ನೊಂದನೇ ಸಾಲು: ಪೆಡಲ್ ಗಟ್ಟಿಯಾಗೋ ತನಕ ಒತ್ತು. ಹನ್ನೆರಡು: ಸಮತಟ್ಟಾದ ಜಾಗದಲ್ಲಿ ನಿಧಾನಕ್ಕೆ ನಾಲ್ಕು ಸಲ ಹಿಡಿದು ನೋಡು. ಅಪ್ಪ ಈಗಿಲ್ಲ. ಆ ಕಾಗದ ಪ್ಲಾಸ್ಟಿಕ್ ಕವರಿನಲ್ಲಿ ಟೂಲ್ ಬಾಕ್ಸಿನೊಳಗಿದೆ, ಈಗಲೂ ಅದನ್ನ ನೋಡಿಕೊಂಡೇ ಮಾಡೋದು.

*

ಹಾಗಾದರೆ ಎಲ್ಲವನ್ನೂ ನಾವೇ ಮಾಡಬೇಕಾ? ಖಂಡಿತ ಬೇಡ. ನನ್ನ ಅಭಿಪ್ರಾಯದಲ್ಲಿ ಗೆರೆ ಎಳೆಯೋದು ಗೊತ್ತಿದ್ದರೆ ಮಾತ್ರ ಇದರಲ್ಲಿ ಲಾಭ.

ಆಯಿಲ್, ಫಿಲ್ಟರುಗಳು, ವೈಪರ್, ಸ್ಪಾರ್ಕ್ ಪ್ಲಗ್ ಇವನ್ನ ಯಾರು ಬೇಕಾದರೂ ಕಲಿಯಬಹುದು. ಕ್ಯಾಬಿನ್ ಫಿಲ್ಟರಿನಿಂದ ಶುರು ಮಾಡಿ. ಬಾನೆಟ್ ಎತ್ತಿ, ಗಾಜಿನ ಬುಡದಲ್ಲಿರೋ ಮುಚ್ಚಳ ಬಿಚ್ಚಿ, ಹಳೇದು ತೆಗೆದು ಹೊಸದು ಇಡೋದು, ಅಷ್ಟೇ. ತಪ್ಪಾದರೂ ಪ್ರಾಣ ಹೋಗಲ್ಲ. ಬ್ಯಾಟರಿ ಹಾಕೋದೂ ಸುಲಭ, ಆದರೆ ಈ ಕಾರುಗಳಲ್ಲಿ ಹೊಸ ಬ್ಯಾಟರಿ ಬಂದಿದೆ ಅಂತ ಕಾರಿನ ಕಂಪ್ಯೂಟರಿಗೆ ಹೇಳಬೇಕು. ಹೇಳದಿದ್ದರೆ ಅದು ಹಳೇ, ಸೋತ ಬ್ಯಾಟರಿ ಅಂದ್ಕೊಂಡೇ ಚಾರ್ಜ್ ಮಾಡ್ತಾ ಹೋಗತ್ತೆ. ಒಂದು ಬ್ಲೂಟೂತ್ ಅಡಾಪ್ಟರು, ಫೋನಿನಲ್ಲಿ ಒಂದು ಆಪ್ ಇದ್ದರೆ ಎರಡು ನಿಮಿಷದ ಕೆಲಸ.

ಬ್ರೇಕ್ ಪ್ಯಾಡು ಎರಡನೇ ಮೆಟ್ಟಿಲು. ಗೊತ್ತಿರೋರು ಒಬ್ಬರು ಜೊತೆಗಿದ್ದು ಒಂದು ಸಲ ತೋರಿಸದ ಹೊರತು ಕೈ ಹಾಕಬೇಡಿ. ನಾನು ಹಾಕಿ ಏನಾಯ್ತು ಅಂತ ಹೇಳಿದೆನಲ್ಲ. ಇನ್ನು ಕಾರು ಬರೀ ಜಾಕಿನ ಮೇಲಿದ್ದಾಗ ಕೆಳಗೆ ತಲೆ ಹಾಕೋ ಮಾತೇ ಬೇಡ. ಜಾಕ್ ಇರೋದು ಎತ್ತೋಕೆ, ಹೊರೋಕೆ ಸ್ಟ್ಯಾಂಡೇ ಬೇಕು. ಇದರಲ್ಲಿ ಚೌಕಾಶಿ ಇಲ್ಲ.

ಬ್ರೇಕ್ ಫ್ಲೂಯಿಡ್ ನಾನಿನ್ನೂ ಮೆಕ್ಯಾನಿಕ್‌ಗೇ ಕೊಡ್ತೀನಿ. ಅದು ಗಾಳಿಯಲ್ಲಿನ ತೇವ ಹೀರಿಕೊಂಡು ಕುದಿಯೋ ಮಟ್ಟ ಇಳಿಯತ್ತೆ, ಅದಕ್ಕೇ ಎರಡು ವರ್ಷಕ್ಕೊಮ್ಮೆ ಬದಲಾಯಿಸೋದು. ಬದಲಾಯಿಸುವಾಗ ಪೈಪಿನೊಳಗೆ ಗಾಳಿ ಸೇರಿದರೆ ಅಪಾಯ. ಒಂದು ಲಕ್ಷ ಮೈಲಿ ಹತ್ತಿರ ಬಂದಾಗ ಮುಂಜಾಗ್ರತೆಗೆ ಅಂತ ವಾಟರ್ ಪಂಪ್ ಬದಲಾಯಿಸಿದೆವು. ಈ ಎಂಜಿನ್ನಿನದು ಬೆಲ್ಟಿನಿಂದ ತಿರುಗೋ ಪಂಪಲ್ಲ, ಕರೆಂಟಿನದು. ಎಂಜಿನ್ ಬ್ಲಾಕಿನಲ್ಲಿ ಮೆಗ್ನೀಸಿಯಂ ಇರೋದರಿಂದ ಅದಕ್ಕೆ ಅಲ್ಯೂಮಿನಿಯಂ ಬೋಲ್ಟುಗಳು, ಒಂದು ಸಲ ಬಿಚ್ಚಿದರೆ ಮತ್ತೆ ಬಳಸೋ ಹಾಗಿಲ್ಲ. ಜಾಸ್ತಿ ಬಿಗಿ ಮಾಡಿದರೆ ಒಳಗೇ ತುಂಡಾಗತ್ತೆ. ಇದನ್ನ ಓದಿದ ದಿನವೇ "ಇದು ನನ್ನದಲ್ಲ" ಅಂತ ಮೆಕ್ಯಾನಿಕ್‌ಗೆ ಫೋನ್ ಮಾಡಿದೆ. ಅಷ್ಟೂ ವರ್ಷ ಆಯಿಲ್ಲು, ಬ್ರೇಕಿನಲ್ಲಿ ಉಳಿಸಿದ್ದ ದುಡ್ಡು ಇತ್ತು, ಮನಸ್ಸಿಗೆ ಭಾರ ಆಗಲಿಲ್ಲ. ಅವನ ಕೆಲಸದ ಕಷ್ಟ ಈಗ ಗೊತ್ತಿರೋದರಿಂದ ಕೂಲಿಯಲ್ಲಿ ಚೌಕಾಶಿ ಮಾಡೋಕೂ ಬಾಯಿ ಬರಲ್ಲ.

"ನಾವೇ ಮಾಡಿದರೆ ವಾರಂಟಿ ಹೋಗಲ್ವಾ?" ಅಂತ ಕೇಳ್ತೀರ. ಅಮೆರಿಕದಲ್ಲಿ 1975ರ ಮ್ಯಾಗ್ನಸನ್-ಮಾಸ್ ಕಾಯ್ದೆ ಪ್ರಕಾರ, ಸರ್ವಿಸ್ ನೀವೇ ಮಾಡಿಕೊಂಡ ಮಾತ್ರಕ್ಕೆ ವಾರಂಟಿ ಇಲ್ಲ ಅನ್ನೋ ಹಾಗಿಲ್ಲ. ನಿಮ್ಮ ತಪ್ಪಿನಿಂದ ಕೆಟ್ಟರೆ ಬೇರೆ ಮಾತು. ಹಾಗಾಗಿ ಆಯಿಲ್ ಕೊಂಡ ರಸೀದಿ, ದಿನಾಂಕ, ಮೈಲಿ ಬರೆದಿಡಿ. 2012ರಲ್ಲಿ ಮ್ಯಾಸಚೂಸೆಟ್ಸ್‌ನ ಜನ ಓಟು ಹಾಕಿ ಕಾರು ರಿಪೇರಿ ಹಕ್ಕಿನ ಕಾನೂನನ್ನೇ ತಂದರು. ನಮ್ಮ ದೇಶದಲ್ಲೂ 2022ರಲ್ಲಿ ಕೇಂದ್ರ ಸರ್ಕಾರ ರಿಪೇರಿ ಹಕ್ಕಿನ ಒಂದು ಪೋರ್ಟಲ್ ಶುರು ಮಾಡಿತು. ಕೊಂಡವನಿಗೆ ಬಿಚ್ಚಿ ನೋಡೋ ಹಕ್ಕೂ ಇರಬೇಕು ಅನ್ನೋದು ನನ್ನ ಮಟ್ಟಿಗೆ ದೊಡ್ಡ ವಿಷಯ.

ಬೆಂಗಳೂರಿನ ಓದುಗರಿಗೆ ಒಂದು ಮಾತು. ಈ ಲೆಕ್ಕ ಅಲ್ಲಿಗೆ ಹಾಗೇ ಹೊಂದಲ್ಲ. ಇಲ್ಲಿ ಕೂಲಿ ದುಬಾರಿ, ಸಾಮಾನು ಅಗ್ಗ. ಅಲ್ಲಿ ಕೂಲಿ ಕಡಿಮೆ, ಹೊರಗಿನಿಂದ ಬರೋ ಸಾಮಾನು ದುಬಾರಿ. ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲಿ ಕಾರು ಎತ್ತಿದರೆ ಸೆಕ್ಯುರಿಟಿಯವರು ಓಡಿ ಬರ್ತಾರೆ. (ಇಲ್ಲೂ ನಮ್ಮ ಬಡಾವಣೆ ಸಂಘದವರಿಗೆ ಡ್ರೈವ್‌ವೇಯಲ್ಲಿ ರಿಪೇರಿ ಮಾಡಿದರೆ ಆಗಲ್ಲ, ಅದಕ್ಕೇ ಗ್ಯಾರೇಜಿನೊಳಗೆ!) ಅಲ್ಲಿ ಉಳಿಯೋದು ಸಾಮಾನಿನ ಆಯ್ಕೆಯಲ್ಲಿ. ನಂಬಿಕಸ್ತ ಮೆಕ್ಯಾನಿಕ್ ಪಕ್ಕ ನಿಂತು, ಏನು ಹಾಕ್ತಿದ್ದಾನೆ ಅಂತ ತಿಳಿದು ನೋಡೋದು ಅಲ್ಲಿನ ದಾರಿ ಇರಬಹುದು.

*

ಗೆಳೆಯರ ಪ್ರಶ್ನೆಗೆ ಬರ್ತೀನಿ. "ಅಷ್ಟು ಕಷ್ಟ ಆಗೋದಾದ್ರೆ ಟೊಯೋಟಾ ತಗೋಬಹುದಿತ್ತಲ್ವಾ?"

ತಗೋಬಹುದಿತ್ತು ಸಾರ್. ಡೀಲರ್ ಹಾಳೆಗೆ ಪ್ರತಿ ವರ್ಷ ತಲೆಬಾಗೋ ಶಕ್ತಿ ಇಲ್ಲದೆ, ಕೈಗೆ ಎಣ್ಣೆ ಮೆತ್ತಿಕೊಳ್ಳೋ ಮನಸ್ಸೂ ಇಲ್ಲದೆ ಹಳೇ ಐಷಾರಾಮಿ ಕಾರು ಕೊಳ್ಳೋರಿಗೆ ನಾನೂ ಅದನ್ನೇ ಹೇಳ್ತೀನಿ. ಆಗ ಆಯಿಲ್ ಬದಲಾವಣೆ ಮುಂದಕ್ಕೆ ಹೋಗತ್ತೆ, ಬ್ರೇಕ್ ಇನ್ನೂ ಸ್ವಲ್ಪ ದಿನ ಬರತ್ತೆ ಅನ್ನೋ ಧೈರ್ಯ ಬರತ್ತೆ, ಕೊನೆಗೆ ಅಪಾಯ ಅಲ್ಲಿಂದ. ನನಗೆ ಆ ಕಾರಿನ ಆಸೆ ಇತ್ತು, ಅದನ್ನ ಸಾಕೋಷ್ಟು ಡಾಲರ್ ಇರಲಿಲ್ಲ, ನಡುವಿನ ಅಂತರ ತುಂಬೋಕೆ ಶನಿವಾರ ಇತ್ತು. ದುಡ್ಡು ಉಳಿಸೋಕೇ ಮಾಡಿದ್ದು. ಇನ್ಮುಂದೆ ಹವ್ಯಾಸ ಅಂತ ಸುಳ್ಳು ಹೇಳಲ್ಲ.

ಮೊನ್ನೆ ಆಯಿಲ್ ಬದಲಾಯಿಸುವಾಗ ಮಗಳು ಬಂದಿದ್ದಳು. ಈಗ ಅವಳಿಗೆ ಡ್ರೈವಿಂಗ್ ಕಲಿಯೋ ವಯಸ್ಸು. "ಓದ್ಕೋ ಹೋಗು" ಅಂತ ನಾಲಿಗೆ ತುದಿಗೆ ಬಂದ ಮಾತನ್ನ ನುಂಗಿಕೊಂಡು ಟಾರ್ಕ್ ರೆಂಚ್ ಅವಳ ಕೈಗೆ ಕೊಟ್ಟೆ. 25ಕ್ಕೆ ಬಂದಾಗ ಟಕ್ ಅಂತು. ಅವಳು ಇನ್ನೊಂದು ಸಲ ಎಳೆಯೋಕೆ ಹೋದಳು. "ಸಾಕು, ಟಕ್ ಅಂದ ಮೇಲೆ ಮುಟ್ಟಬಾರದು" ಅಂದೆ. ಆಮೇಲೆ ಇಬ್ಬರೂ ಅಡಿಯಲ್ಲಿ ಒಂದು ಹಳೇ ಪೇಪರ್ ಹಾಸಿ, ಎಂಜಿನ್ ಚಾಲೂ ಮಾಡಿ, ಹನಿ ಬೀಳತ್ತಾ ಅಂತ ಹತ್ತು ನಿಮಿಷ ನೋಡ್ತಾ ಕೂತಿದ್ವಿ.

ಬೀಳಲಿಲ್ಲ.

ನಿಮ್ಮಲ್ಲಿ ಯಾರ್ಯಾರು ನಿಮ್ಮ ಗಾಡಿ ಕೆಲಸ ನೀವೇ ಮಾಡ್ಕೋತೀರಿ? ಎಡವಟ್ಟು ಮಾಡಿಕೊಂಡವರು ಇದ್ದರೆ ಮೊದಲು ಅದನ್ನೇ ಬರೀರಿ, ಉಳಿಸಿದ ಲೆಕ್ಕ ಆಮೇಲೆ ನೋಡೋಣ.